ಬಾಯಾಗ ನೀರು ಬರ್ತದೇನು?

2013ರಲ್ಲಿ ಅಣ್ಣ ಬಾಯಿ ಕ್ಯಾನ್ಸರಿನ ಚಿಕಿತ್ಸೆಗೆ ಅಂತ ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು, ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದ. ರೇಡಿಯೇಷನ್ ಶುರುವಾಗುವ ಮುಂಚೆ ಡಾಕ್ಟರ ಎದುರು ಕೂತಾಗ ನನ್ನ ತೋಳು ಜಗ್ಗಿ, "ತಮ್ಮಾ, ಆಮ್ಯಾಲೆ ಬಾಯಾಗ ನೀರು ಬರ್ತದೇನು ಕೇಳು" ಅಂದ. ಜೋಳದ ರೊಟ್ಟಿ ತಿನ್ನುವ ಮನುಷ್ಯ, ಅವನ ಚಿಂತೆ ಅದು. ನಾನು ಹಿಂದಿಯಲ್ಲಿ ಕೇಳಿದೆ. "ಬಹಳ ಜನಕ್ಕೆ ಬಾಯಿ ಒಣಗುತ್ತದೆ. ಇವರಿಗೆ ಎಷ್ಟು ಅಂತ ಈಗಲೇ ಹೇಳೋಕಾಗಲ್ಲ" ಅಂದರು ಡಾಕ್ಟರು.

ಈ ಪ್ರಶ್ನೆ ಎಷ್ಟು ಹಳೆಯದು ಅಂತ ಆಮೇಲೆ ಓದುತ್ತಾ ಹೋದಾಗ ತಿಳಿಯಿತು.

ರೋಂಟ್‌ಗೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಕೆಲವೇ ತಿಂಗಳಲ್ಲಿ, 1896ರಲ್ಲಿ, ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಒಂದು ಮಗುವಿನ ತಲೆಗೆ ಹೊಕ್ಕ ಗುಂಡು ಹುಡುಕಬೇಕಾಗಿ ಬಂತು. ಮೊದಲು ತಮ್ಮ ಮೇಲೇ ಪರೀಕ್ಷೆ ಆಗಲಿ ಎಂದು ಡಡ್ಲಿ ಎಂಬ ಪ್ರೊಫೆಸರು ಸಹೋದ್ಯೋಗಿ ಜಾನ್ ಡೇನಿಯಲ್ ಮುಂದೆ ತಲೆಯೊಡ್ಡಿ ಒಂದು ಗಂಟೆ ಕೂತರು. ಆಗ ಏನೂ ಆಗಲಿಲ್ಲ. 21 ದಿನಗಳ ನಂತರ ಅಷ್ಟು ಜಾಗದ ಕೂದಲು ಪೂರ್ತಿ ಉದುರಿತು! ಕಿರಣ ಬಿದ್ದಾಗ ನೋವಿಲ್ಲ, ಬಿಲ್ಲು ಬರುವುದು ವಾರಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ. ಮುಂದೆ ಈ ವಿದ್ಯೆಗೆ ಅಂಟಿಕೊಂಡ ತೊಡಕೇ ಅದು.

ತಮಾಷೆ ನೋಡಿ, ಆರಂಭದಲ್ಲಿ ಅಡ್ಡಪರಿಣಾಮವೇ ಅಳತೆಗೋಲು. ಚರ್ಮ ಕೆಂಪಾಗಲು ಎಷ್ಟು ಬೇಕೋ ಅಷ್ಟು ಒಂದು 'ಡೋಸ್'. ರೋಂಟ್‌ಗೆನ್ ಎಂಬ ಅಂತರರಾಷ್ಟ್ರೀಯ ಮಾನ ಒಪ್ಪಿಗೆಯಾದದ್ದು 1928ರಲ್ಲಿ. ಅಷ್ಟರಲ್ಲಿ ಪ್ಯಾರಿಸಿನ ರೆಗೋ, ಒಂದೇ ಸಲ ಕೊಡುವುದಕ್ಕಿಂತ ದಿನಗಳ ಮೇಲೆ ಹಂಚಿಕೊಟ್ಟರೆ ಚರ್ಮ ಉಳಿಯುತ್ತದೆ ಅಂತ ಟಗರುಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡಿದ್ದ. ಅಣ್ಣ ವಾರಗಟ್ಟಲೆ ದಿನಾ ಹೋಗಿ ಬಂದದ್ದರ ಮೂಲ ಆ ಟಗರುಗಳು.

ಭವಿಷ್ಯ ಹೇಳುವ ಲೆಕ್ಕ ಬಂದದ್ದು ತಡವಾಗಿ. 1985ರಲ್ಲಿ ಲೈಮನ್ ಎಂಬಾತ ಒಂದು ಸೂತ್ರ ಕೊಟ್ಟ. 1991ರಲ್ಲಿ ಎಮಾಮಿ ಮತ್ತು ಸಂಗಡಿಗರು ಅಂಗಾಂಗಗಳ ಪಟ್ಟಿ ಮಾಡಿದರು: ಎಷ್ಟು ಡೋಸಿಗೆ ಐದು ವರ್ಷದೊಳಗೆ ನೂರರಲ್ಲಿ ಐದು ಜನಕ್ಕೆ ತೊಂದರೆ, ಎಷ್ಟಕ್ಕೆ ಐವತ್ತು ಜನಕ್ಕೆ. ಕಿವಿಯ ಮುಂದಿನ ಜೊಲ್ಲಿನ ಗ್ರಂಥಿಗೆ ಐದರ ಅಂಕಿ 32 ಗ್ರೇ. ಅದರಲ್ಲಿ ವೈದ್ಯರ ಅನುಭವದ ಅಂದಾಜೂ ಸಾಕಷ್ಟಿತ್ತು. 2010ರಲ್ಲಿ ಕ್ವಾಂಟೆಕ್ ಎಂಬ ಪರಿಶೀಲನೆ ಅದನ್ನು ತಿದ್ದಿತು: ಒಂದು ಗ್ರಂಥಿಗಾದರೂ ಸರಾಸರಿ 20ರ ಒಳಗೆ, ಇಲ್ಲವೇ ಎರಡಕ್ಕೂ 25ರ ಒಳಗೆ ಇರಲಿ ಅಂತ.

ಈ ಲೆಕ್ಕಗಳಲ್ಲಿ ನನಗೆ ಕಾಣುವ ಕೊರತೆ ಒಂದೇ. 2005ರ ಜುಲೈ 26ರ ಮಳೆ ನೆನಪಿದೆಯಲ್ಲ? ಎಷ್ಟು ಮನೆಗೆ ಎಷ್ಟಡಿ ನೀರು ನುಗ್ಗಿತು ಅಂತ ಬರೆದಿಟ್ಟು, ಯಾವ ಓಣಿ ಅಂತ ಬಿಟ್ಟರೆ ಹೇಗೆ? ಅಂಗದ ಎಷ್ಟು ಭಾಗಕ್ಕೆ ಎಷ್ಟು ಡೋಸ್ ಅಂತ ಇದೆ. ಯಾವ ಮೂಲೆಗೆ ಅನ್ನುವುದು ಕಳೆದುಹೋಗುತ್ತದೆ.

ಡೀಪ್ ಲರ್ನಿಂಗ್ ಕೈಹಾಕಿದ್ದು ಇಲ್ಲಿ. ಅದಕ್ಕೆ ಡೋಸಿನ ಚಿತ್ರವನ್ನೇ ತೋರಿಸಬಹುದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗರ್ಭಕಂಠದ ಕ್ಯಾನ್ಸರಿನ ರೋಗಿಗಳ ಗುದನಾಳದ ಮೇಲ್ಮೈಯನ್ನು ಚಾಪೆಯಂತೆ ಬಿಡಿಸಿ ಹರವಿ, ಡೋಸ್ ಬಿದ್ದ ನಕಾಶೆಯನ್ನು ಯಂತ್ರಕ್ಕೆ ಕೊಟ್ಟರು. ಆ ಯಂತ್ರ ಮೊದಲು ಕಲಿತಿದ್ದು ನಾಯಿ, ಬೆಕ್ಕು, ವಾಹನಗಳ ಫೋಟೋಗಳಿಂದ! ರೋಗಿಗಳು ಬರೀ 42 ಜನ. ಅಷ್ಟರಿಂದಲೇ ಎಲ್ಲ ಕಲಿಯಲಾಗದು ಎಂದೇ ಆ ಎರವಲು ಬುದ್ಧಿ. 2018ರಲ್ಲಿ ಸ್ಟ್ಯಾನ್‌ಫೋರ್ಡಿನವರು 125 ಜನರ ಯಕೃತ್ತಿನ ಚಿಕಿತ್ಸೆಯ ಮೇಲೆ ಇಂಥದ್ದೇ ಮಾಡಿದರು. ಇಷ್ಟು ಕಮ್ಮಿ ಜನರಿಂದ ಕಲಿತದ್ದನ್ನು ನಮ್ಮ ಊರಿನ ರೋಗಿಗೆ ಹಾಗೇ ಅನ್ವಯಿಸಲು ನನಗಂತೂ ಧೈರ್ಯವಿಲ್ಲ.

ಆದರೂ ಬೇಡವೆನ್ನಲಾರೆ. ಇಲ್ಲಿನ ಟಾಟಾ ಮೆಮೋರಿಯಲ್ ಸೆಂಟರಿನವರು 300 ಹೆಂಗಸರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರಣವನ್ನು ನಾಜೂಕಾಗಿ ಗುರಿಯಿಟ್ಟಾಗ ಮೂರು ವರ್ಷದೊಳಗೆ ಕರುಳಿನ ತೊಂದರೆ ನೂರಕ್ಕೆ ಸುಮಾರು 42ರಿಂದ 21ಕ್ಕೆ ಇಳಿಯಿತು. ಅರ್ಧಕ್ಕರ್ಧ. ಆದರೆ ಆ 21ರಲ್ಲಿ ಯಾರು ಅಂತ ಮೊದಲೇ ತಿಳಿದಿದ್ದರೆ?

ಅಣ್ಣ ಈಗ ಚೆನ್ನಾಗಿದ್ದಾನೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾನೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಮೊದಲ ಗೊತ್ತಿದ್ರ ಇನ್ನೊಂದ್ ವಾರ ಒಣಾ ರೊಟ್ಟಿ ತಿಂದು ಬರ್ತಿದ್ನೆಲ್ಲೋ" ಅಂದ.