ಧರಿಸಿದವನ ಪರವಾಗಿ: ಸುದರ್ಶನ ಮತ್ತು ಪಟ್ಟದ ಕತ್ತಿಯ ಆರಾಧನೆ

ದೇವರ ಆಯುಧವನ್ನು ಎರಡು ಬಗೆಯಲ್ಲಿ ವಿವರಿಸುವುದು ರೂಢಿ. ಪುರಾಣಕಥೆಗಳಿಗೆ ಅದು ದುಷ್ಟಸಂಹಾರದ ಸಾಧನ. ವ್ಯಾಖ್ಯಾನಕಾರರಿಗೆ ತತ್ತ್ವದ ಸಂಕೇತ. ಎರಡನೆಯದಕ್ಕೆ ಗಟ್ಟಿ ಆಧಾರ ವಿಷ್ಣುಪುರಾಣದ ಮೊದಲ ಅಂಶದ 22ನೇ ಅಧ್ಯಾಯ. ಅಲ್ಲಿ ಚಕ್ರ ಮನಸ್ಸು, ಗದೆ ಬುದ್ಧಿ, ಬಾಣಗಳು ಇಂದ್ರಿಯಗಳು. ಖಡ್ಗ ವಿದ್ಯೆಯಾದರೆ ಅದನ್ನು ಮುಚ್ಚಿದ ಒರೆ ಅವಿದ್ಯೆ. ಒರೆಯನ್ನೂ ಬಿಡದ ಈ ಜೋಡಣೆ ಸೊಗಸಾಗಿದೆ, ನಿಜ. ಆದರೆ ಮನಸ್ಸಿನ ಸಂಕೇತವನ್ನು ಕೊಳಕ್ಕೆ ಒಯ್ದು ಮುಳುಗಿಸುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆಯುಧವನ್ನು ಧರಿಸಿದವನ ಪ್ರತಿನಿಧಿಯೆಂದು ಹಿಡಿದರೆ ಪೂಜಾಕ್ರಮ ಹೆಚ್ಚು ತಿಳಿಯಾಗುತ್ತದೆ ಎಂಬುದು ನನ್ನ ವಾದ.

ಆಯುಧಕ್ಕೆ ಆಳಿನ ರೂಪ ಬಂದದ್ದು ಗುಪ್ತರ ಕಾಲಕ್ಕೇ ಕಾಣುತ್ತದೆ. ಕ್ರಿ.ಶ. 401–02ರ ಶಾಸನವಿರುವ ಉದಯಗಿರಿಯ 6ನೇ ಗುಹೆಯಲ್ಲಿ ಗದೆ, ಚಕ್ರಗಳು ವ್ಯಕ್ತಿಗಳಾಗಿ ವಿಷ್ಣುವಿನ ಪಕ್ಕದಲ್ಲಿ ನಿಂತಿವೆ. ಭಾಸನದೆನ್ನುವ ‘ದೂತವಾಕ್ಯ’ದಲ್ಲಿ ಅವು ರಂಗದ ಮೇಲೇ ಬರುತ್ತವೆ. ದುರ್ಯೋಧನನ ಮೇಲೆ ಮುನಿದ ಕೃಷ್ಣ ಸುದರ್ಶನನನ್ನು ಕರೆದು, ಮತ್ತೆ ಶಾಂತನಾಗುತ್ತಾನೆ. ಹಿಂದೆಯೇ ಧಾವಿಸಿ ಬಂದ ಶಾರ್ಙ್ಗ, ಕೌಮೋದಕಿ, ಪಾಂಚಜನ್ಯ, ನಂದಕಗಳಿಗೆ ಒಡೆಯನ ಕೋಪ ಇಳಿಯಿತೆಂದು ಹೇಳಿ ಹಿಂದಕ್ಕೆ ಕಳಿಸುವವನು ಸುದರ್ಶನ. ಇಲ್ಲಿ ಅವನ ಕೆಲಸ ಕೊಲ್ಲುವುದಲ್ಲ, ಅಪ್ಪಣೆ ಮುಟ್ಟಿಸುವುದು.

ಈ ಅಧಿಕಾರ ಬೆಳೆದು ಎಲ್ಲಿಗೆ ಮುಟ್ಟಿತೆಂಬುದಕ್ಕೆ ತಮಿಳುನಾಡಿನ ವೈಷ್ಣವ ಗುಡಿಗಳ ಚಕ್ರತ್ತಾಳ್ವಾರ್ ಮೂರ್ತಿಗಳನ್ನು ನೋಡಬೇಕು. ಮುಂಬದಿಯಲ್ಲಿ ಷಟ್ಕೋಣದ ನಡುವೆ, ಹಲವು ಬಾರಿ ಹದಿನಾರು ಕೈಗಳಲ್ಲಿ, ಆಯುಧ ಹಿಡಿದು ಮುನ್ನುಗ್ಗುವ ಸುದರ್ಶನ. ಸುತ್ತಿ ಹಿಂದೆ ಹೋದರೆ ತ್ರಿಕೋಣದಲ್ಲಿ ಕುಳಿತ ಯೋಗನರಸಿಂಹ. ಆಯುಧವೇ ಆಯುಧಧಾರಿಯಾಗಿದೆ, ಒಡೆಯ ಬೆನ್ನಿಗಿದ್ದಾನೆ. ಕುಂಭಕೋಣದ ಚಕ್ರಪಾಣಿ ಗುಡಿಯಲ್ಲಂತೂ ಚಕ್ರದೊಳಗೆ ನಿಂತವನೇ ಮೂಲಮೂರ್ತಿ.

ತಿರುಮಲೆಯ ಸಾಕ್ಷ್ಯ ಇನ್ನೂ ಸೂಕ್ಷ್ಮ. ಅಲ್ಲಿನ ಮೂಲವಿಗ್ರಹದ ಮೇಲಿನ ಕೈಗಳಲ್ಲಿ ಕಲ್ಲಿನ ಶಂಖಚಕ್ರಗಳಿಲ್ಲ; ಈಗ ಕಾಣುವವು ಬೇರೆಯಾಗಿ ತೊಡಿಸಿದವು. ತೊಂಡಮಾನ್ ದೊರೆಗೆ ಯುದ್ಧಕ್ಕೆಂದು ಸ್ವಾಮಿ ಅವನ್ನು ಕೊಟ್ಟನೆನ್ನುವುದು ಸ್ಥಳಪುರಾಣ. ಬ್ರಹ್ಮೋತ್ಸವದ ಕೊನೆಯ ದಿನ ಬೆಳಿಗ್ಗೆ ಉಭಯ ನಾಚ್ಚಿಯಾರರೊಡನೆ ಉತ್ಸವಮೂರ್ತಿ ಮಲಯಪ್ಪಸ್ವಾಮಿಯೂ ಚಕ್ರತ್ತಾಳ್ವಾರನೂ ಪುಷ್ಕರಿಣಿಯ ದಡದ ವರಾಹಸ್ವಾಮಿ ಗುಡಿಯ ಬಳಿಗೆ ಬರುತ್ತಾರೆ. ಹಾಲು, ಮೊಸರು, ಜೇನು, ಅರಿಸಿನ, ಗಂಧಗಳ ತಿರುಮಂಜನ ಎಲ್ಲರಿಗೂ ಆಗುತ್ತದೆ. ಬಳಿಕ ಅರ್ಚಕರು ಚಕ್ರವೊಂದನ್ನೇ ಹಿಡಿದು ನೀರಿಗಿಳಿದು ಮುಳುಗುತ್ತಾರೆ. ಅದೇ ಗಳಿಗೆಗೆ ಕಾದಿದ್ದ ಸಾವಿರಾರು ಜನರೂ ಮುಳುಗುತ್ತಾರೆ. ಮೂಲವಿಗ್ರಹ ಅಚಲವಾದ್ದರಿಂದ ಚಕ್ರ ಹೊರಡುತ್ತದೆ ಎಂದು ಸುಲಭವಾಗಿ ಹೇಳಿಬಿಡುವಂತಿಲ್ಲ, ಏಕೆಂದರೆ ಚಲಿಸಬಲ್ಲ ಉತ್ಸವಮೂರ್ತಿ ದಡದಲ್ಲೇ ಇದೆ. ಉತ್ಸವವನ್ನು ಮುಗಿಸುವ ಅವಭೃಥವನ್ನೇ ಆಯುಧಕ್ಕೆ ವಹಿಸಲಾಗಿದೆ. ಶೈವಾಗಮದ ಉತ್ಸವಗಳಲ್ಲಿ ತ್ರಿಶೂಲರೂಪದ ಅಸ್ತ್ರದೇವ ತೀರ್ಥಕ್ಕಿಳಿಯುವುದೂ ಹೀಗೆಯೇ. ಪಂಥಗಳು ಬೇರೆಯಾದರೂ ಕ್ರಮ ಒಂದಾಗಿರುವುದು ಆಕಸ್ಮಿಕವಿರಲಾರದು.

ಇದೇ ತರ್ಕ ಮೈಸೂರು ಅರಮನೆಯಲ್ಲಿ ಒಮ್ಮೆ ಬರಿಗಣ್ಣಿಗೇ ಕಂಡಿತು. ಮಹಾನವಮಿಯಂದು ಖಾಸಾ ಆಯುಧಗಳನ್ನು ಕೋಡಿ ಸೋಮೇಶ್ವರನ ಗುಡಿಗೆ ಒಯ್ದು ತಂದು ಪೂಜಿಸುವುದು ಅಲ್ಲಿನ ಪದ್ಧತಿ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು. ಉತ್ತರಾಧಿಕಾರಿ ಇನ್ನೂ ನಿಶ್ಚಯವಾಗಿರಲಿಲ್ಲ. 2014ರ ದಸರೆಯ ಖಾಸಗಿ ದರ್ಬಾರು ನಿಲ್ಲಲಿಲ್ಲ, ಒಡೆಯರ ಸ್ಥಾನದಲ್ಲಿ ಪಟ್ಟದ ಕತ್ತಿಯನ್ನಿಟ್ಟು ನಡೆಯಿತು. ಮರುವರ್ಷ ಯದುವೀರರ ಪಟ್ಟಾಭಿಷೇಕದ ತರುವಾಯ ಆ ಏರ್ಪಾಡು ಬೇಕಾಗಲಿಲ್ಲ.

ಲೇತ್, ತಕ್ಕಡಿ, ಬಸ್ಸುಗಳಿಗೆ ಕುಂಕುಮವಿಟ್ಟು ಬೂದುಗುಂಬಳ ಒಡೆಯುವ ಆಯುಧಪೂಜೆಗೆ ಈ ವಾದವನ್ನು ಎಳೆಯಬಾರದು. ಅಲ್ಲಿ ಉಪಕರಣ ಯಾರ ಪರವಾಗಿಯೂ ನಿಂತಿಲ್ಲ. ಪೂಜೆಯಾಗುವವರೆಗೆ ಅದನ್ನು ಮುಟ್ಟುವುದೂ ಇಲ್ಲ, ಅದಕ್ಕೆ ಅಂದು ಬಿಡುವು. ಚಕ್ರಕ್ಕೂ ಪಟ್ಟದ ಕತ್ತಿಗೂ ಕೆಲಸ ಬೀಳುವುದು ಉತ್ಸವದ ದಿನವೇ. ಒಂದೇ ಹಬ್ಬದ ಹೆಸರಿನಡಿ ಬಂದರೂ ಇವು ಬೇರೆಬೇರೆ ಮೂಲದವೆಂದು ನನಗೆ ತೋರುತ್ತದೆ.