ಹುರುಪೆಯೇ ಇಲ್ಲದ ಗೆಂಡೆ ಮೀನು! ಇದು ರೋಗವಲ್ಲ, ಎರಡು ಜೀನ್‌ಗಳ ಆಟ

ಕೆರೆಯಲ್ಲಿ ಹಿಡಿದ ಮೀನಿನ ಮೈಯೆಲ್ಲ ನುಣುಪು, ಅಲ್ಲಲ್ಲಿ ಮಾತ್ರ ಕನ್ನಡಿಯಂತೆ ಹೊಳೆಯುವ ದೊಡ್ಡ ಹುರುಪೆ. ಇಂಥ ಮೀನು ಕಂಡರೆ ಹೊಸ ಜಾತಿಯೋ, ರೋಗ ಬಂದ ಮೀನೋ ಎಂಬ ಅನುಮಾನ ಸಹಜ. ಆದರೆ ಅದು ನಮಗೆ ಗೊತ್ತಿರುವ ಸಾಮಾನ್ಯ ಗೆಂಡೆಯೇ, ಅಂದರೆ ಕಾಮನ್ ಕಾರ್ಪ್ ಆಗಿರಬಹುದು.

ಒಂದೇ ಮೀನು, ನಾಲ್ಕು ರೂಪ

* ಸ್ಕೇಲ್ಡ್ ಕಾರ್ಪ್: ಮೈತುಂಬ ಹುರುಪೆ.
* ಮಿರರ್ ಕಾರ್ಪ್: ಅಲ್ಲಲ್ಲಿ ಚದುರಿದ ದೊಡ್ಡ ಹುರುಪೆ.
* ಲೀನಿಯರ್ ಕಾರ್ಪ್: ಮಗ್ಗುಲಿನ ಉದ್ದಕ್ಕೂ ಒಂದು ಸಾಲು ಹುರುಪೆ.
* ಲೆದರ್ ಕಾರ್ಪ್: ಹುರುಪೆ ಬಹುತೇಕ ಇಲ್ಲ.

ಇದಕ್ಕೆ ಕಾರಣವೇನು?

'ಎಸ್' ಮತ್ತು 'ಎನ್' ಎಂಬ ಎರಡು ಜೀನ್‌ಗಳು. ಪ್ರತಿ ಜೀನ್‌ನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಎಸ್ ಜೀನ್‌ನ ಎರಡೂ ಪ್ರತಿ ಬದಲಾಗಿದ್ದರೆ ಮಿರರ್ ಕಾರ್ಪ್ ಹುಟ್ಟುತ್ತದೆ. ಎನ್ ಜೀನ್‌ನ ಒಂದು ಪ್ರತಿ ಬದಲಾಗಿದ್ದರೆ ಲೀನಿಯರ್, ಅದರ ಜೊತೆ ಎಸ್‌ನ ಎರಡೂ ಪ್ರತಿ ಬದಲಾಗಿದ್ದರೆ ಲೆದರ್.

ಎನ್‌ನ ಎರಡೂ ಪ್ರತಿ ಬದಲಾಗಿದ್ದರೆ ಭ್ರೂಣ ಬದುಕುವುದೇ ಇಲ್ಲ. ಹೀಗಾಗಿ ಎರಡು ಲೆದರ್ ಮೀನುಗಳನ್ನು ಕೂಡಿಸಿದರೆ ಸುಮಾರು ಶೇ. 25ರಷ್ಟು ಮರಿಗಳು ನಷ್ಟ. ಉಳಿದವುಗಳಲ್ಲಿ ಮೂರರಲ್ಲಿ ಒಂದು ಪಾಲು ಮಿರರ್ ಆಗಿರುತ್ತದೆ. ಮೀನು ಸಾಕುವವರು ಇದನ್ನು ತಿಳಿದಿರಲೇಬೇಕು.

ಎಲ್ಲೆಲ್ಲಿ ಸಿಗುತ್ತವೆ?

ಮಧ್ಯ ಯುರೋಪಿನ ಕೊಳಗಳಲ್ಲಿ ಮಿರರ್ ಕಾರ್ಪ್ ಸಾಕಣೆ ಹಳೆಯದು. ಹುರುಪೆ ಕಡಿಮೆ ಇದ್ದರೆ ಅಡುಗೆಮನೆಯಲ್ಲಿ ಮೀನು ಸ್ವಚ್ಛಗೊಳಿಸುವ ಕೆಲಸವೂ ಕಡಿಮೆ! ಭಾರತಕ್ಕೆ ಈ ಯುರೋಪಿಯನ್ ತಳಿ 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂತು. 1957ರಲ್ಲಿ ಬ್ಯಾಂಕಾಕ್ ತಳಿ ಒಡಿಶಾದ ಕಟಕ್‌ಗೆ ಬಂತು. ಜಪಾನಿನ ನಿಗಾಟ ಪ್ರಾಂತ್ಯದ ಭತ್ತ ಬೆಳೆಗಾರರು 19ನೇ ಶತಮಾನದಲ್ಲಿ ಬಣ್ಣದ ಗೆಂಡೆಗಳನ್ನು ಆರಿಸಿ ಬೆಳೆಸಿದರು. ಇಂದು ಹೋಟೆಲ್, ಉದ್ಯಾನಗಳ ಕೊಳದಲ್ಲಿ ಕಾಣುವ 'ಕೊಯ್' ಮೀನು ಅದೇ.

ಮಡಗಾಸ್ಕರ್‌ನ ಕಥೆ ಇನ್ನೂ ಸ್ವಾರಸ್ಯಕರ. 1912ರಲ್ಲಿ ಫ್ರಾನ್ಸ್‌ನಿಂದ ತಂದ ಮಿರರ್ ಕಾರ್ಪ್ ಅಲ್ಲಿನ ನದಿ, ಸರೋವರ ಸೇರಿತು. ಕಾಲಾಂತರದಲ್ಲಿ ಅಲ್ಲಿ ಮೈತುಂಬ ಹುರುಪೆಯ ಮೀನುಗಳು ಕಾಣಿಸಿಕೊಂಡವು. ಪರೀಕ್ಷಿಸಿದಾಗ ಮಿರರ್ ರೂಪ ಕೊಡುವ ಜೀನ್ ಹಾಗೆಯೇ ಇತ್ತು! ಬೇರೆ ಜೀನ್‌ಗಳ ನೆರವಿನಿಂದ ಹುರುಪೆ ಮರಳಿತ್ತು ಎಂಬುದು 2016ರಲ್ಲಿ ಪ್ರಕಟವಾದ ಅಧ್ಯಯನದ ವಿವರಣೆ.

ಕೆರೆಗೆ ಬಿಡಬೇಡಿ

ಅಂದವಾಗಿದೆ ಎಂದು ಮನೆಯ ಕೊಯ್ ಮೀನನ್ನು ಕೆರೆಗೆ ಬಿಡುವುದು ಸರಿಯಲ್ಲ. ಬಣ್ಣ ಬೇರೆಯಾದರೂ ಅದು ಗೆಂಡೆಯೇ. ಆಹಾರಕ್ಕಾಗಿ ತಳದ ಕೆಸರು ಕೆದಕಿ ನೀರನ್ನು ಕದಡುತ್ತದೆ, ಜಲಸಸ್ಯಗಳನ್ನು ಕೀಳುತ್ತದೆ. ಕಾಶ್ಮೀರದ ದಾಲ್ ಸರೋವರದಲ್ಲಿ ಸ್ಥಳೀಯ ಸ್ನೋ ಟ್ರೌಟ್ ಮೀನುಗಳು ಕಡಿಮೆಯಾಗಲು ಹೊರಗಿನಿಂದ ಬಂದ ಗೆಂಡೆಯೂ ಒಂದು ಕಾರಣ.

ಅಂದಹಾಗೆ, ಹುರುಪೆ ಇಲ್ಲದಿರುವುದು ಹುಟ್ಟುಗುಣವಷ್ಟೇ, ಅಂಥ ಮೀನನ್ನು ತಿನ್ನಬಹುದು. ಆದರೆ ಮೈಮೇಲೆ ಕೆಂಪು ಹುಣ್ಣು ಕಂಡರೆ ಅದು ರೋಗದ ಲಕ್ಷಣ, ಕೊಳ್ಳಬೇಡಿ.