ಅಣ್ಣ–ತಮ್ಮಂದಿರ ಮನಸ್ತಾಪವೂ ಬೆಳಗಿನ ಬಟ್ಟಲೂ

ಮನೆಯಲ್ಲಿ ಕುಳಿತು ತಿಂಡಿ ತಿನ್ನಲು ಪುರುಸೊತ್ತಿಲ್ಲದವರು ಕಚೇರಿಯ ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು, ಬಟ್ಟಲಿಗೆ ಹಾಲು ಸುರಿದು, ಹತ್ತು ನಿಮಿಷದಲ್ಲಿ ಬೆಳಗಿನ ಆಹಾರ ಮುಗಿಸುವುದು ನಗರಗಳಲ್ಲಿ ಈಗ ಅಪರೂಪವೇನಲ್ಲ. ಒಲೆ ಬೇಡ, ಬಾಣಲೆ ಬೇಡ, ಪಾತ್ರೆ ತೊಳೆಯುವ ತಾಪತ್ರಯವೂ ಕಡಿಮೆ. ಆದರೆ ಅಂಗಡಿಯ ಕಪಾಟಿನ ಮುಂದೆ ನಿಂತಾಗ ಪ್ರಶ್ನೆ ಏಳುತ್ತದೆ. ಕಾರ್ನ್‌ಫ್ಲೇಕ್ಸೋ, ಓಟ್ಸೋ, ಮ್ಯೂಸ್ಲಿಯೋ? ದೇಹಕ್ಕೆ ಹಿತವಾದದ್ದು ಯಾವುದು, ನಾಲಿಗೆಗೆ ಹಿಡಿಸುವುದು ಯಾವುದು? ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ ಅಮೆರಿಕದ ಒಂದು ಪಟ್ಟಣದಲ್ಲಿ ಒಡಹುಟ್ಟಿದ ಇಬ್ಬರ ನಡುವೆ ಬಿರುಕು ಮೂಡಿಸಿದ ಸಂಗತಿಗಳಲ್ಲಿ ಇದೂ ಒಂದು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳಗಿನ ಊಟವೆಂದರೆ ಹೊಲದಲ್ಲಿ ಮೈಮುರಿದು ದುಡಿಯುವವರ ಊಟ. ಉಪ್ಪು ಹಾಕಿದ ಹಂದಿಮಾಂಸ, ಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ, ಮೊಟ್ಟೆ, ಕಾಫಿ. ಪಟ್ಟಣ ಸೇರಿ ಕುರ್ಚಿಯ ಮೇಲೆ ಕುಳಿತು ಲೆಕ್ಕ ಬರೆಯತೊಡಗಿದವರೂ ಅದನ್ನೇ ಉಣ್ಣುತ್ತಿದ್ದರು. ಅಜೀರ್ಣ ಮನೆಮನೆಯ ದೂರಾಯಿತು. ಜರಡಿ ಹಿಡಿಯದ ಗೋಧಿಹಿಟ್ಟನ್ನೇ ತಿನ್ನಬೇಕೆಂದು ಸಿಲ್ವೆಸ್ಟರ್ ಗ್ರಹಾಂ ಎಂಬ ಪಾದ್ರಿ 1830ರ ದಶಕದಲ್ಲಿಯೇ ಉಪದೇಶಿಸಿದ್ದ. ಆ ದಾರಿ ಹಿಡಿದ ಜೇಮ್ಸ್ ಕೇಲೆಬ್ ಜಾಕ್ಸನ್ ಎಂಬ ವೈದ್ಯ 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನ ತನ್ನ ಆರೋಗ್ಯಧಾಮದಲ್ಲಿ ಆ ಹಿಟ್ಟನ್ನು ರೊಟ್ಟಿಯಂತೆ ಬೇಯಿಸಿ, ಒಡೆದು, ಮತ್ತೆ ಬೇಯಿಸಿ ‘ಗ್ರಾನ್ಯುಲಾ’ ಎಂಬ ತಿನಿಸು ತಯಾರಿಸಿದ. ರಾತ್ರಿಯಿಡೀ ನೆನೆಸಿಡದಿದ್ದರೆ ಅದನ್ನು ಅಗಿಯುವುದೇ ಕಷ್ಟವಾಗಿತ್ತು. ಅದರಲ್ಲಿ ಆರೋಗ್ಯವಿತ್ತು, ರುಚಿಯಾಗಲಿ ಅನುಕೂಲವಾಗಲಿ ಇರಲಿಲ್ಲ.

ಅಕಸ್ಮಾತ್ತಾಗಿ ಹುಟ್ಟಿದ ಅವಲು

ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು 1866ರಲ್ಲಿ ಒಂದು ಆರೋಗ್ಯಧಾಮ ತೆರೆದರು. 1876ರಲ್ಲಿ ಅದರ ಮೇಲ್ವಿಚಾರಣೆ ವಹಿಸಿಕೊಂಡವನು ಡಾ. ಜಾನ್ ಹಾರ್ವೆ ಕೆಲಾಗ್. ಅವನ ಆಡಳಿತದಲ್ಲಿ ಮಾಂಸ, ಮದ್ಯ, ಕಾಫಿ, ಚಹಾ, ಮಸಾಲೆ ಎಲ್ಲವೂ ವರ್ಜ್ಯ. ಅವನೂ ಧಾನ್ಯದ ಒಂದು ಗಟ್ಟಿ ತಿನಿಸು ಮಾಡಿ ಅದಕ್ಕೆ ಜಾಕ್ಸನ್ ಇಟ್ಟ ಹೆಸರನ್ನೇ ಇಟ್ಟ. ತಕರಾರು ಬಂದಾಗ ಒಂದಕ್ಷರ ಬದಲಿಸಿ ‘ಗ್ರಾನೋಲಾ’ ಎಂದ. ಇಂದಿಗೂ ಅಂಗಡಿಗಳಲ್ಲಿ ಕಾಣುವ ಆ ಹೆಸರಿನ ಮೂಲ ಇದೇ.

1894ರಲ್ಲಿ ನಡೆದದ್ದು ಒಂದು ಆಕಸ್ಮಿಕ. ಡಾಕ್ಟರನೂ ಆರೋಗ್ಯಧಾಮದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ತಮ್ಮ ವಿಲ್ ಕೀತ್ ಕೆಲಾಗ್‌ನೂ ಬೇಯಿಸಿದ ಗೋಧಿಯನ್ನು ಉರುಳೆಗಳ ನಡುವೆ ಹಾಯಿಸಿ ಹಾಳೆಯಾಗಿಸಲು ಯತ್ನಿಸುತ್ತಿದ್ದರು. ಒಮ್ಮೆ ಬೇರೆ ಕೆಲಸ ಬಂದು ಬೆಂದ ಗೋಧಿ ಹಾಗೆಯೇ ಉಳಿಯಿತು. ಆಮೇಲೆ ಉರುಳೆಗೆ ಕೊಟ್ಟಾಗ ಹಾಳೆಯ ಬದಲು ಒಂದೊಂದು ಕಾಳೂ ಒಂದೊಂದು ತೆಳು ಅವಲಾಗಿ ಉದುರಿತು. ಕಾಳಿನ ಹೊರಗಿನ ತೇವ ಒಳಗಿನವರೆಗೆ ಸಮನಾಗಿ ಹರಡಿಕೊಳ್ಳಲು ಅವಕಾಶ ಸಿಕ್ಕಿದ್ದೇ ಇದಕ್ಕೆ ಕಾರಣ. ಡಾಕ್ಟರನಿಗೆ 1896ರಲ್ಲಿ ಇದರ ಪೇಟೆಂಟ್ ದೊರೆಯಿತು.

ನಮ್ಮ ಓದುಗರಿಗೆ ಈ ತತ್ತ್ವ ಅಪರಿಚಿತವಲ್ಲ. ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಒನಕೆಯಿಂದ ಕುಟ್ಟಿ ಚಪ್ಪಟೆಯಾಗಿಸಿದರೆ ಅವಲಕ್ಕಿ. ಕುಚೇಲ ಕೃಷ್ಣನಿಗೆಂದು ಗಂಟು ಕಟ್ಟಿಕೊಂಡು ಹೋದದ್ದೂ ಒಲೆ ಹೊತ್ತಿಸದೆ ತಿನ್ನಬಹುದಾದ ಇಂಥ ತಿನಿಸನ್ನೇ. ಬ್ಯಾಟಲ್ ಕ್ರೀಕ್‌ನಲ್ಲಿ ಹೊಸದಾಗಿದ್ದದ್ದು ಯಂತ್ರ, ಪೊಟ್ಟಣ ಮತ್ತು ಜಾಹೀರಾತು.

ಸಕ್ಕರೆಯ ಪ್ರವೇಶ

ಗೋಧಿಯ ನಂತರ ಮೆಕ್ಕೆಜೋಳದ ಸರದಿ ಬಂತು. ಆರೋಗ್ಯಧಾಮದಲ್ಲಿ ರೋಗಿಯಾಗಿದ್ದ ಸಿ. ಡಬ್ಲ್ಯು. ಪೋಸ್ಟ್ ಎಂಬಾತ ಅದೇ ಊರಿನಲ್ಲಿ ಕಾರ್ಖಾನೆ ತೆರೆದು 1897ರಲ್ಲಿ ‘ಗ್ರೇಪ್ ನಟ್ಸ್’ ಮಾರಾಟಕ್ಕಿಟ್ಟ. ಅದರಲ್ಲಿ ದ್ರಾಕ್ಷಿಯೂ ಇರಲಿಲ್ಲ, ಬೀಜಗಳೂ ಇರಲಿಲ್ಲ. ಆದರೂ ಜಾಹೀರಾತಿನ ಬಲದಿಂದ ಅವನು ಕೋಟ್ಯಧೀಶನಾದ. ಇದನ್ನು ಕಂಡ ತಮ್ಮ ವಿಲ್‌ಗೆ ಸಹಿಸಲಾಗಲಿಲ್ಲ. ರೋಗಿಗಳಿಗಷ್ಟೇ ಏಕೆ, ಗಟ್ಟಿಮುಟ್ಟಾದವರೂ ಇದನ್ನು ತಿನ್ನಬಾರದೇಕೆ ಎಂಬುದು ಅವನ ವಾದ. ಅವರು ತಿನ್ನಬೇಕಾದರೆ ರುಚಿ ಬೇಕು, ರುಚಿಗೆ ಸ್ವಲ್ಪ ಸಕ್ಕರೆ ಬೇಕು. ಆಹಾರ ಔಷಧಿಯಂತಿರಬೇಕೆಂದು ನಂಬಿದ್ದ ಅಣ್ಣನಿಗೆ ಇದು ಸಮ್ಮತವಾಗಲಿಲ್ಲ. 1906ರಲ್ಲಿ ವಿಲ್ ತನ್ನದೇ ಕಂಪನಿ ಸ್ಥಾಪಿಸಿ, ಪೊಟ್ಟಣದ ಮೇಲೆ ತನ್ನ ಸಹಿಯನ್ನು ಅಚ್ಚು ಹಾಕಿಸಿದ. ಕೆಲಾಗ್ ಎಂಬ ಹೆಸರು ಯಾರದೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 1920ರಲ್ಲಿ ಮಿಷಿಗನ್‌ನ ಸರ್ವೋಚ್ಚ ನ್ಯಾಯಾಲಯ ತಮ್ಮನ ಪರವಾಗಿ ತೀರ್ಪಿತ್ತಿತು. ಅಣ್ಣ 1943ರಲ್ಲಿ, ತಮ್ಮ 1951ರಲ್ಲಿ ತೀರಿಕೊಂಡರು. ಸ್ವಾರಸ್ಯವೆಂದರೆ ಇಬ್ಬರೂ ಬಾಳಿದ್ದು 91 ವರ್ಷ.

ತಮ್ಮ ಹಾಕಿದ್ದು ಚಿಟಿಕೆ ಸಕ್ಕರೆ; ಮುಂದಿನ ತಲೆಮಾರಿನ ವ್ಯಾಪಾರಿಗಳು ಹಿಡಿಗಟ್ಟಲೆ ಸುರಿದರು. ಎರಡನೆಯ ಮಹಾಯುದ್ಧದ ನಂತರ ಸಕ್ಕರೆ ಲೇಪಿಸಿದ ಧಾನ್ಯಗಳು ಮಕ್ಕಳನ್ನು ಗುರಿಯಾಗಿಸಿ ಬಂದವು. 1953ರಲ್ಲಿ ಬಂದ ‘ಶುಗರ್ ಸ್ಮ್ಯಾಕ್ಸ್’ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. 1970ರಲ್ಲಿ ರಾಬರ್ಟ್ ಚೋಟ್ ಎಂಬಾತ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದು, ತಾನು ಪರಿಶೀಲಿಸಿದ 60 ಬಗೆಗಳಲ್ಲಿ 40ರಲ್ಲಿ ಪೌಷ್ಟಿಕತೆ ಅತ್ಯಲ್ಪವೆಂದು ದೂರಿದ. ಕಂಪನಿಗಳು ಜೀವಸತ್ವಗಳನ್ನು ಹೆಚ್ಚು ಹೆಚ್ಚಾಗಿ ಬೆರೆಸಿದವು. ಮುಂದೆ ಕೆಲವು ಹೆಸರುಗಳಿಂದ ‘ಶುಗರ್’ ಎಂಬ ಪದ ಸದ್ದಿಲ್ಲದೆ ಮರೆಯಾಯಿತು. ಪದ ಹೋದ ಮಾತ್ರಕ್ಕೆ ಸಕ್ಕರೆ ಹೋಗಲಿಲ್ಲ.

ಯುರೋಪಿನಲ್ಲಿ ಕಥೆ ಬೇರೆ ದಾರಿ ಹಿಡಿದಿತ್ತು. 1900ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡಾ. ಮ್ಯಾಕ್ಸ್ ಬರ್ಚರ್-ಬೆನ್ನರ್ ತನ್ನ ರೋಗಿಗಳಿಗೆ ಮ್ಯೂಸ್ಲಿ ಕೊಡತೊಡಗಿದ. ಅದು ಮುಖ್ಯವಾಗಿ ಹಣ್ಣಿನ ತಿನಿಸು: ತುರಿದ ಸೇಬು, ನೆನೆಸಿದ ಒಂದು ದೊಡ್ಡ ಚಮಚ ಓಟ್ಸ್, ನಿಂಬೆರಸ, ಬೀಜಗಳು, ಸ್ವಲ್ಪ ಗಟ್ಟಿಹಾಲು. ಓಟ್ಸೇ ತುಂಬಿ ಹಣ್ಣು ಕಣ್ಣಿಗೆ ಮಾತ್ರ ಬೀಳುವ ಈಗಿನ ಪೊಟ್ಟಣಗಳಿಗೂ ಅದಕ್ಕೂ ಹೆಸರಿನಾಚೆ ಹೋಲಿಕೆ ಕಡಿಮೆ.

ಪೊಟ್ಟಣದ ಹಿಂಬದಿ

ಮೋಹನ್ ಮೀಕಿನ್ ಕಂಪನಿಯ ಕಾರ್ನ್‌ಫ್ಲೇಕ್ಸ್ ಭಾರತದಲ್ಲಿ ಮೊದಲೇ ಇತ್ತು. ಕೆಲಾಗ್ ಕಂಪನಿ 1994ರಲ್ಲಿ ಬಂದಾಗ ನಿರೀಕ್ಷಿಸಿದಷ್ಟು ವ್ಯಾಪಾರವಾಗಲಿಲ್ಲ. ಗರಿಗರಿಯಾಗಿರಲೆಂದು ಮಾಡಿದ ಅವಲಿಗೆ ಇಲ್ಲಿನವರು ಬಿಸಿಹಾಲು ಸುರಿದರು. ಅದು ಕ್ಷಣದಲ್ಲಿ ಮುದ್ದೆಯಾಯಿತು. ಬೆಳಿಗ್ಗೆ ಬಿಸಿಯಾದದ್ದನ್ನೇ ಬಯಸುವ ಹೊಟ್ಟೆಯ ಅಭ್ಯಾಸವನ್ನು ಜಾಹೀರಾತು ಅಷ್ಟು ಬೇಗ ಬದಲಿಸಲಾರದು.

ಇಷ್ಟಾಗಿ, ಕೆಲಸದ ಜಾಗದಲ್ಲಿ ತಿನ್ನಲು ಯಾವುದನ್ನು ಆರಿಸಬೇಕು? ಚರಿತ್ರೆ ಕಲಿಸುವ ಮೊದಲ ಪಾಠ, ಪೊಟ್ಟಣದ ಮುಂಬದಿಯನ್ನು ನಂಬದೆ ಹಿಂಬದಿಯನ್ನು ಓದುವುದು. ಅಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಇಡೀ ಧಾನ್ಯ ಮೊದಲಿರಬೇಕು. ಸಕ್ಕರೆ, ಬೆಲ್ಲ, ಜೇನು, ಗ್ಲೂಕೋಸ್ ಪಾಕ, ಮಾಲ್ಟ್ ಸಾರ ಎಂದು ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋದ ಸಿಹಿಯನ್ನು ಕೂಡಿಸಿ ನೋಡಬೇಕು. ಬ್ರಿಟನ್ನಿನ ಅಳತೆಗೋಲಿನಂತೆ 100 ಗ್ರಾಂ ಆಹಾರದಲ್ಲಿ 22.5 ಗ್ರಾಂ ಮೀರಿದರೆ ಸಕ್ಕರೆ ಹೆಚ್ಚು. 5 ಗ್ರಾಂ ಅಥವಾ ಅದಕ್ಕೂ ಕೆಳಗಿದ್ದರೆ ಕಡಿಮೆ. ಮ್ಯೂಸ್ಲಿಯಲ್ಲಿ ಒಣದ್ರಾಕ್ಷಿಯ ಸಿಹಿಯೂ ಲೆಕ್ಕಕ್ಕೆ ಸೇರುವುದರಿಂದ ‘ಸೇರಿಸಿದ ಸಕ್ಕರೆ’ ಎಷ್ಟೆಂದು ಬೇರೆಯಾಗಿ ನೋಡುವುದು ನ್ಯಾಯ.

ಕಾರ್ನ್‌ಫ್ಲೇಕ್ಸ್‌ಗೆ ಬಳಸುವ ಮೆಕ್ಕೆಜೋಳದ ನುಚ್ಚಿನಿಂದ ಹೊಟ್ಟನ್ನೂ ಮೊಳಕೆಯ ಭಾಗವನ್ನೂ ಮೊದಲೇ ತೆಗೆದಿರುತ್ತಾರೆ. ಅದರಲ್ಲಿ ನಾರು ಕಡಿಮೆ, ಜೀರ್ಣ ಬೇಗ. ಒಂಬತ್ತಕ್ಕೆ ತಿಂದವರಿಗೆ ಹನ್ನೊಂದಕ್ಕೆ ಮತ್ತೆ ಹಸಿವು. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕಾನ್ ಎಂಬ ಕರಗುವ ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ. ದಿನಕ್ಕೆ 3 ಗ್ರಾಂನಷ್ಟು ಅದು ದೊರೆತರೆ ರಕ್ತದ ಕೊಲೆಸ್ಟ್ರಾಲ್ ಇಳಿಯಲು ಸಹಾಯವಾಗುತ್ತದೆಂಬ ಆಧಾರದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಆ ಮಾತನ್ನು ಪೊಟ್ಟಣದ ಮೇಲೆ ಬರೆಯಲು ಅನುಮತಿ ನೀಡಿತು. ಸಿಹಿ ಬೇಕೆನಿಸಿದರೆ ಸಾದಾ ಓಟ್ಸ್ ಕೊಂಡು ಬಾಳೆಹಣ್ಣು ಹೆಚ್ಚಿ ಹಾಕಿಕೊಳ್ಳಬಹುದು. ಎಷ್ಟು ಸಿಹಿ ಎಂಬ ತೀರ್ಮಾನ ಆಗ ಕಾರ್ಖಾನೆಯದಲ್ಲ, ತಿನ್ನುವವರದು.

ಕನ್ನಡಿಗರಿಗೆ ಇನ್ನೊಂದು ದಾರಿಯೂ ಉಂಟು. ರಾಗಿಗೆ ನೀರು ಚಿಮುಕಿಸಿಟ್ಟು, ಕಾದ ಬಾಣಲೆಯಲ್ಲಿ ಅರಳಾಗುವಂತೆ ಹುರಿದು ಬೀಸಿದರೆ ಹುರಿಹಿಟ್ಟು. ಹಳೇ ಮೈಸೂರು ಸೀಮೆಯಲ್ಲಿ ದನ ಕಾಯಲು, ಹೊಲಕ್ಕೆ, ದೂರದೂರಿಗೆ ಹೊರಟವರ ಬುತ್ತಿಯಲ್ಲಿ ಅದಿರುತ್ತಿತ್ತು. ಮಜ್ಜಿಗೆಯೋ ಹಾಲು–ಬೆಲ್ಲವೋ ಸಿಕ್ಕಿದರೆ ಕಲಸಿಕೊಂಡು ತಿನ್ನುವುದು, ಅಷ್ಟೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಹೊಟ್ಟು ಸಹಿತ ಬೀಸುವುದರಿಂದ ನಾರೂ ಉಳಿಯುತ್ತದೆ. ಬೇಯಿಸಬೇಕಿಲ್ಲ, ಬೇಗ ಕೆಡುವುದಿಲ್ಲ, ಡಬ್ಬಿಯಲ್ಲಿ ತುಂಬಿ ಮೇಜಿನ ಖಾನೆಯಲ್ಲಿಡಬಹುದು. ಕೆಲಸದ ನಡುವೆ ತಿನ್ನುವ ಧಾನ್ಯದ ತಿಂಡಿಯಿಂದ ಬ್ಯಾಟಲ್ ಕ್ರೀಕ್‌ನವರು ಬಯಸಿದ್ದೂ ಇದಕ್ಕಿಂತ ಹೆಚ್ಚಿನದೇನಲ್ಲ. ಬೆಲ್ಲ ಎಷ್ಟು ಹಾಕಬೇಕೆಂಬಲ್ಲಿ ಮಾತ್ರ ಅಣ್ಣನ ಮಾತನ್ನೂ ಸ್ವಲ್ಪ ನೆನೆಯುವುದು ಒಳ್ಳೆಯದು.